ಗೋಣು ಹಾಕಿದ ಪ್ರಮೇಯ

ಬಾಗಲಕೋಟೆ

ಪರದೇಶಕ್ಕೆ ಹೊರಟವರಿಗೆ ಬುದ್ಧಿ ಹೇಳಬೇಕಾದರೆ ತಾವು ಪರದೇಶ ನೋಡಿರಬೇಕು ಎಂಬ ಕಟ್ಟಳೆ ನಮ್ಮ ಓಣಿಯಲ್ಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಬೇಸಿಗೆಯಲ್ಲಿ ನಾನು ಬಲ್ಗೇರಿಯಾಕ್ಕೆ ಹೋಗುತ್ತೇನೆಂಬ ಸುದ್ದಿ ಹಬ್ಬಿದ್ದೇ ತಡ, ಬಂದವರೆಲ್ಲ ಒಂದೊಂದು ಉಪದೇಶ ಇಟ್ಟುಹೋದರು. ಕಮತಗಿಯಿಂದ ಬಂದಿದ್ದ ನಮ್ಮ ಅತ್ತೆಯವರು ಮಾತ್ರ ಏನೂ ಹೇಳಲಿಲ್ಲ. ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಡಬ್ಬಿ ತುಂಬಿದರು. ಆ ಪ್ರವಾಸದಲ್ಲಿ ಕೊನೆಯವರೆಗೆ ಉಪಯೋಗಕ್ಕೆ ಬಂದದ್ದು ಅವರ ಡಬ್ಬಿಯೊಂದೇ.

ಎಲ್ಲರಿಗಿಂತ ದೊಡ್ಡ ಗುರು ಮನೆಯಲ್ಲೇ ಇದ್ದರು. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರು. ಪುಣೆಯ ಆಚೆ ಹೋದವರಲ್ಲ. ಆದರೆ ಇಂಗ್ಲಿಷ್ ಬಂದ ಮೇಲೆ ಇಂಗ್ಲಿಷಿನವರ ರೀತಿ ನೀತಿಯೂ ಬಂದಂತೆಯೇ ಎಂದು ಅವರ ನಂಬಿಕೆ.

"ನೀ ಹೂಂ ಅನ್ನಾಕ ಗೋಣ ಅತ್ಲಾಗ ಇತ್ಲಾಗ ತೂಗಾಡಿಸ್ತಿ. ಅವರ ಕಣ್ಣಿಗೆ ಅದು ಇಲ್ಲ ಅಂದಂಗ ಕಾಣತೈತಿ," ಎಂದರು. "ಹೌದಂದ್ರ ಮ್ಯಾಲೆ-ಕೆಳಗ. ಇಲ್ಲಂದ್ರ ಎಡಕ್ಕ-ಬಲಕ್ಕ. ಎಲ್ಲಿ, ಮಾಡಿ ತೋರ್ಸು."

ಮಾಡಿ ತೋರಿಸಿದೆ. ಚಹಾ ಬೇಕೇ ಎಂದರೆ ಮೇಲೆ ಕೆಳಗೆ, ಸಾಕೇ ಎಂದರೆ ಎಡಕ್ಕೆ ಬಲಕ್ಕೆ. ಹುಟ್ಟಿದಾಗಿನಿಂದ ಒಂದು ದಾರಿಯಲ್ಲಿ ತೂಗಿದ ಕತ್ತು ಇನ್ನೊಂದಕ್ಕೆ ಹೊರಳಲು ವಾರಗಟ್ಟಲೆ ಹಟ ಹಿಡಿಯಿತು. ಅತ್ತೆಯವರು ರೊಟ್ಟಿ ತಟ್ಟುತ್ತಲೇ, "ಯಾಕವ್ವಾ, ಮುಂಜಾನಿಂದ ಕೋಲೆ ಬಸವನಂಗ ಗೋಣ ಹಾಕಾಕತ್ತಿ?" ಎಂದು ಕೇಳಿದರು.

ನಾನು ಹೋಗುತ್ತಿದ್ದುದು ಗಣಿತದ ಸಭೆಗೆ. ಬಾಗಲಕೋಟೆಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಕಲಿಸುವುದು ಮುಗಿದ ಮೇಲೆ ಒಂದು ಪ್ರಶ್ನೆ ಹಿಡಿದುಕೊಂಡು ಕೂಡುತ್ತಿದ್ದೆ. ಆ ಪ್ರಶ್ನೆಯನ್ನು ಮಳೆಯ ಮಾತಿನಲ್ಲಿ ಹೇಳಿದರೆ ಯಾರಿಗೂ ತಿಳಿಯುತ್ತದೆ. ಯಾವ ಹೊಲಕ್ಕೆ ಒಟ್ಟು ಎಷ್ಟು ಮಳೆ ಬಿತ್ತು ಎಂದು ನಿಮಗೆ ಗೊತ್ತಿದೆ. ಆದರೆ ಹೊಲದ ನಡುವಿನ ಒಂದು ಚುಕ್ಕೆಗೆ ಎಷ್ಟು ಬಿತ್ತು? ಚುಕ್ಕೆಯ ಸುತ್ತ ಚೌಕ ಹಾಕಿ ಸರಾಸರಿ ತೆಗೆಯಿರಿ. ಚೌಕವನ್ನು ಕಿರಿದು ಮಾಡುತ್ತ ಹೋಗಿ. ಆ ಸರಾಸರಿ ಚುಕ್ಕೆಯ ನಿಜವಾದ ಮಳೆಗೇ ಬಂದು ನಿಲ್ಲುತ್ತದೆ. ಲೆಕ್ಕಕ್ಕೆ ಬಾರದಷ್ಟು ಕೆಲವು ಚುಕ್ಕೆಗಳನ್ನು ಬಿಟ್ಟರೆ ಎಲ್ಲ ಕಡೆಯೂ. ಇದು ಹಳೆಯ ಸತ್ಯ. ಚೌಕದ ಬದಲು ಉದ್ದನೆಯ ಪಟ್ಟಿಗಳನ್ನು, ಅದೂ ಬೇರೆ ಬೇರೆ ದಿಕ್ಕಿಗೆ ಓರೆಯಾಗಿ ಹಾಕಿದರೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಎಲ್ಲ ದಿಕ್ಕುಗಳಿಗೂ ಬಿಟ್ಟರೆ ಸತ್ಯ ಕೆಡುತ್ತದೆ ಎಂದು ಗೊತ್ತಿತ್ತು. ಪ್ರತಿ ಸಲ ಓರೆ ಅರ್ಧಕ್ಕಿಳಿಯುತ್ತ ಹೋಗುವ ದಿಕ್ಕುಗಳಾದರೆ, ಅವು ಅನಂತವಾಗಿದ್ದರೂ ಕೆಡುವುದಿಲ್ಲ ಎಂದು ನಾನು ಸಾಧಿಸಿದ್ದೆ. ಸಾಧಿಸಿದ್ದೇನೆ ಎಂದುಕೊಂಡಿದ್ದೆ.

ಈ ಕೆಲಸದಲ್ಲಿ ಗರಿಷ್ಠ ಫಲನ ಎಂಬುದೊಂದು ಬರುತ್ತದೆ. ನಾನು ಅದನ್ನು ಮನಸ್ಸಿನಲ್ಲಿ ಬಡಾಯಿ ಫಲನ ಎಂದು ಕರೆಯುತ್ತಿದ್ದೆ. ಬೇವೂರಿನವನೊಬ್ಬ ತನ್ನ ಊರಿನ ಮಳೆ ಹೇಳುವಾಗ, ಮೋಡ ಎಲ್ಲಿ ಸುರಿದಿತ್ತೋ ಅಲ್ಲಿಯವರೆಗೆ ಗಡಿ ಎಳೆದು ಸರಾಸರಿ ಹೇಳುತ್ತಾನೆ ಅನ್ನಿ. ಪ್ರತಿ ಚುಕ್ಕೆಯೂ ಹೀಗೆ ತನಗೆ ಅನುಕೂಲವಾದ ಗಡಿ ಹಾಕಿಕೊಂಡು ಕೊಚ್ಚಿಕೊಳ್ಳುವ ಅತಿ ದೊಡ್ಡ ಸರಾಸರಿಯೇ ಗರಿಷ್ಠ ಫಲನ. ಬಡಾಯಿ ನಿಜವಾದ ಮಳೆಯ ಹಿಡಿತದಲ್ಲೇ ಇರುತ್ತದೆ ಎಂದು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ.

ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಗುರುಗಳು ಧಾರವಾಡದಲ್ಲಿದ್ದರು. ಕಲಿಸುವ ಕೆಲಸ, ಮನೆ, ಎರಡು ಬಾಣಂತನ, ಇವುಗಳ ನಡುವೆ ನನ್ನ ಪಿಎಚ್‌ಡಿ ನೋಂದಣಿಯ ಅವಧಿ ಮೀರಿ ಬಂದಿತ್ತು. ಹೊರಡುವ ಮುಂಚೆ ಕಾಣಲು ಹೋದಾಗ ಅವರು ನೇರವಾಗಿ ಹೇಳಿದರು.

"ನೋಡವ್ವಾ, ಅಲ್ಲಿ ಒಪ್ಪಿ ಅಚ್ಚು ಹಾಕಿದ್ರ ನಾ ಇಲ್ಲಿ ಹೋರಾಡ್ತೇನಿ. ಇಲ್ಲಂದ್ರ ಈ ಸಲ ನೋಂದಣಿ ರದ್ದಾತು ಅಂತನ ತಿಳಿ."

ಸೋಫಿಯಾ

ಬಲ್ಗೇರಿಯಾದ ರಾಜಧಾನಿಯಲ್ಲಿ ವಿಮಾನ ಇಳಿದು ಊರೊಳಗೆ ಹೊರಟಾಗ ಮೊದಲು ಕಣ್ಣಿಗೆ ಬಿದ್ದದ್ದು ಮನೆಗಳ ಮಾಡಿನಿಂದ ಇಳಿಬಿದ್ದ ಕೆಂಪು ಮೆಣಸಿನಕಾಯಿಯ ಸರಗಳು. ಯುರೋಪೆಂದರೆ ಹೊಳೆಯುವ ಬೂಟು, ಬೆಣ್ಣೆ, ಬ್ರೆಡ್ಡು ಎಂದುಕೊಂಡು ಬಂದವಳಿಗೆ ಕಣ್ಣು ತಂಪಾಯಿತು. ಕರಿಬಟ್ಟೆಯ ಮುದುಕಿಯರು ಬಾಗಿಲ ಮುಂದೆ ಕುಳಿತು ಹಾದುಹೋಗುವವರನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. ನೋಡಬಾರದು ಎಂಬ ಸಂಕೋಚ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ನನ್ನನ್ನು ಕರೆದೊಯ್ಯಲು ಬಂದವಳು ರಾದ್ಕಾ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನನ್ನದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದ, ನನ್ನದೇ ವಯಸ್ಸಿನ ಹೆಣ್ಣುಮಗಳು. ಅವಳ ಇಂಗ್ಲಿಷ್ ಪುಸ್ತಕದಿಂದ ಎತ್ತಿಕೊಂಡದ್ದು. ರೇಡಿಯೋದಲ್ಲಿ ಬರುವ ಮೈಸೂರು ಕಡೆಯ ಕನ್ನಡದಂತೆ ಒಂದು ಅಕ್ಷರವೂ ಕೆಳಗೆ ಬೀಳುತ್ತಿರಲಿಲ್ಲ. ಸಭೆ ಇದ್ದದ್ದು ಕಪ್ಪು ಸಮುದ್ರದ ದಂಡೆಯ ವಾರ್ನಾದಲ್ಲಿ. ರೈಲಿನಲ್ಲಿ ಅವಳು ನನ್ನ ಇಳಕಲ್ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು, ಒಡಲಿಗೂ ಸೆರಗಿಗೂ ಜೋಡಣೆ ಎಲ್ಲಿದೆ ಎಂದು ಹುಡುಕಿದಳು. ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ ಎಂದೆ. "ನಿಮ್ಮ ಪ್ರಮೇಯದಲ್ಲೂ ಜೋಡಣೆ ಹೀಗೆಯೇ ಇದೆಯೇ?" ಎಂದು ನಕ್ಕಳು. ನಾನು ಯಜಮಾನರು ಕಲಿಸಿದಂತೆ ಗಂಭೀರವಾಗಿ ಮೇಲೆ ಕೆಳಗೆ ಗೋಣು ಹಾಕಿದೆ. ಅವಳ ಮುಖ ಸ್ವಲ್ಪ ಸಪ್ಪಗಾಯಿತು. ಏಕೆಂದು ಆಗ ತಿಳಿಯಲಿಲ್ಲ.

ವಾರ್ನಾ, ಊಟದ ಕೋಣೆ

ಕಪ್ಪು ಸಮುದ್ರ ಕಪ್ಪಾಗಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ನಮ್ಮ ಓಣಿಯವರು ಬಿಡುವುದಿಲ್ಲ.

ಊಟದ ಕೋಣೆಯಲ್ಲಿ ಬಡಿಸುವ ಅಮ್ಮ ಮೈಕೈ ತುಂಬಿದವಳು, ನಗುಮುಖದವಳು. ಮಾಂಸದ ಪಾತ್ರೆಯ ಮೇಲೆ ಸೌಟು ಹಿಡಿದು ಹುಬ್ಬು ಹಾರಿಸಿದಳು. ನಾನು ಎಡಕ್ಕೆ ಬಲಕ್ಕೆ ಚೆನ್ನಾಗಿ ತಲೆ ತಿರುಗಿಸಿದೆ. ಅವಳು ಸಂತೋಷದಿಂದ ಒಂದು ಸೌಟು ಸುರಿದಳು. ಗಾಬರಿಯಾಗಿ ಇನ್ನೂ ಜೋರಾಗಿ ತಿರುಗಿಸಿದೆ. ಇನ್ನೊಂದು ಸೌಟು ಬಿತ್ತು. ಪಕ್ಕದಲ್ಲಿ ಗಟ್ಟಿ ಮೊಸರಿನ ಬಟ್ಟಲಿತ್ತು, ಚಾಕುವಿನಲ್ಲಿ ಕೊಯ್ಯುವಂಥದು. ಅದನ್ನು ತೋರಿಸಿದಳು. ನಾನು ಆಸೆಯಿಂದ ಮೇಲೆ ಕೆಳಗೆ, ಮೇಲೆ ಕೆಳಗೆ ಗೋಣು ಹಾಕಿದೆ. ಅವಳು ಪಾಪ ಎಂಬ ಮುಖ ಮಾಡಿ ಬಟ್ಟಲನ್ನು ಒಳಗಿಟ್ಟಳು.

ಮಾಂಸ ಮುಟ್ಟದ ಮನೆಯ ಹೆಣ್ಣು, ಎರಡು ಸೌಟು ಮಾಂಸದ ಮುಂದೆ ಮೊಸರಿಲ್ಲದೆ ಕುಳಿತಿರುವುದನ್ನು ರಾದ್ಕಾ ನೋಡಿದಳು. ಕಾರಣ ಕೇಳಿ, ತಿಳಿದು, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

"ಇಲ್ಲಿ ಮೇಲೆ ಕೆಳಗೆ ಎಂದರೆ ಇಲ್ಲ. ಪಕ್ಕಕ್ಕೆ ತೂಗಿದರೆ ಹೌದು. ಯುರೋಪಿನಲ್ಲಿ ಹೆಚ್ಚೂಕಡಿಮೆ ನಾವೇ ಹೀಗೆ."

"ನಾಲಿಗೆಯಲ್ಲಿ ಚ್ ಎಂದರೆ?"

"ಅದೂ ಇಲ್ಲ ಎಂದೇ."

ತವರಿಗೆ ಬಂದ ಹಾಗಾಯಿತು ನನಗೆ. ಸಾವಿರಾರು ಮೈಲಿ ದಾಟಿ ಬಂದು ನನ್ನ ತವರೂರು ಇಳಕಲ್ಲಿನವರ ಹಾಗೆ ತಲೆ ತೂಗುವ, ಚ್ ಎನ್ನುವ ಜನರ ನಡುವೆ ಕುಳಿತಿದ್ದೆ. ಅವರ ಮುಂದೆ ನಾನೊಬ್ಬಳೇ ಕಷ್ಟಪಟ್ಟು ಕಲಿತ ಪರಕೀಯ ಗೋಣು ಹಾಕುತ್ತಿದ್ದೆ. ಯಜಮಾನರ ಪಾಠ ತಪ್ಪಿರಲಿಲ್ಲ, ದೇಶ ತಪ್ಪಿತ್ತು. ಎದ್ದುಹೋಗಿ ಬಡಿಸುವ ಅಮ್ಮನ ಮುಂದೆ ನಮ್ಮೂರಿನ ತಲೆ ತೂಗಿದೆ. ಮೊಸರು ಬಂತು. ಡಬ್ಬಿ ತೆಗೆದು ರೊಟ್ಟಿ ಮುರಿದು, ಹಿಂಡಿ ಕಲಸಿ ರಾದ್ಕಾಳಿಗೂ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಅವಳು ತಲೆ ತೂಗುತ್ತ ಮತ್ತೆ ಕೈ ಚಾಚಿದಳು. ಅವರ ಮೊಸರಿನ ಮುಂದೆ ನಮ್ಮ ಕೆನೆ ಮೊಸರು ಒಂದು ತೂಕ ಕಡಿಮೆಯೇ. ಇದನ್ನು ಅತ್ತೆಯವರಿಗೆ ನಾನು ಇವತ್ತಿನವರೆಗೆ ಹೇಳಿಲ್ಲ.

ವಾರ್ನಾ, ಕರಿಹಲಗೆ

ಸಭೆಯ ಅಧ್ಯಕ್ಷರು ಸೋಫಿಯಾದಿಂದ ಬಂದಿದ್ದ ಸ್ತೋಯನ್ ಎಂಬ ಹಿರಿಯ ಪ್ರೊಫೆಸರ್. ಹುಬ್ಬು ಪೂರ್ತಿ ಬಿಳಿ. ಯಾವ ಪ್ರಬಂಧ ಅಚ್ಚಾಗಬೇಕು, ಯಾವುದು ಆಗಬಾರದು ಎನ್ನುವವರು ಅವರೇ. ಮುಂದಿನ ಸಾಲಿನ ನಡುವೆ ಕೂಡುತ್ತಿದ್ದರು.

ಆ ಜನರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಕರಿಹಲಗೆ ತುಂಬಿದರೆ ನಮ್ಮ ಹಾಗೆ ಒಣ ಬಟ್ಟೆಯಿಂದ ಉಜ್ಜಿ ಧೂಳೆಬ್ಬಿಸುವುದಿಲ್ಲ. ಒದ್ದೆ ಸ್ಪಂಜಿನಿಂದ ಒರೆಸುತ್ತಾರೆ, ಒಣಗುವವರೆಗೆ ಕಾಯುತ್ತಾರೆ. ಆ ಹೊತ್ತು ಯಾರೂ ಮಾತಾಡುವುದಿಲ್ಲ. ಅವಸರ ಎಂಬುದೇ ಇಲ್ಲ. ಈಗ ಬರೆದದ್ದನ್ನು ಎಲ್ಲರೂ ತಮ್ಮೊಳಗೆ ಮತ್ತೊಮ್ಮೆ ಓದಿಕೊಳ್ಳುವ ಹೊತ್ತು ಅದು.

ನಾನು ಮಾತು ಸುರು ಮಾಡಿದೆ. ಪ್ರಶ್ನೆ ಹೇಳಿದೆ. ಸ್ತೋಯನ್ನರ ತಲೆ ನಿಧಾನವಾಗಿ ಮೇಲೆ ಹೋಗಿ ಕೆಳಗೆ ಬಂತು. ಇಲ್ಲ. ಪ್ರಶ್ನೆಗೇ ಇಲ್ಲ ಎಂದರೆ ಹೇಗೆ ಎಂದು ಸಮಾಧಾನ ಮಾಡಿಕೊಂಡು ಮುಂದುವರಿದೆ. ಬಡಾಯಿ ಫಲನದ ಮಾತು ಬಂತು. ಮತ್ತೆ ಅದೇ ತಲೆ, ಮೇಲೆ, ಕೆಳಗೆ. ಆ ಬಡಾಯಿಗೆ ಹಿಡಿತ ಹಾಕುವ ಹೊದಿಕೆಯ ಮೆಟ್ಟಿಲು ಬಂದಾಗ ಒಂದರ ಹಿಂದೆ ಒಂದು ಮೂರು ಸಲ ಗೋಣು ಹಾಕಿದರು. ಹಲಗೆ ತುಂಬಿತ್ತು. ನಾನು ಒದ್ದೆ ಸ್ಪಂಜಿನಿಂದ ಒರೆಸಿ ಒಣಗಲೆಂದು ನಿಂತೆ. ಇಷ್ಟು ಹಿರಿಯರು ಸುಮ್ಮಸುಮ್ಮನೆ ಇಲ್ಲ ಎನ್ನುವವರಲ್ಲ ಎಂದು ಆ ಹೊದಿಕೆಯ ಮೆಟ್ಟಿಲನ್ನು ಮತ್ತೆ ನೆನೆಸಿಕೊಂಡೆ.

ಅದನ್ನು ನಾನು ಕಂಡುಕೊಂಡದ್ದು ಇಳಕಲ್ಲಿನ ಬಂಡೆಯ ಮೇಲೆ. ಚಿಕ್ಕಂದಿನಲ್ಲಿ ಅವ್ವನ ಜೊತೆ ಬಟ್ಟೆ ಒಗೆಯಲು ಹೋಗುತ್ತಿದ್ದೆ. ಹೊಸ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ. ಹರವಿದಾಗ ಒಂದಕ್ಕೊಂದು ತಾಗಬಾರದು. ಓಣಿಯ ಹೆಣ್ಣುಮಕ್ಕಳು ಮಡಿಕೆ ಹಾಕಿ ಹೇಗೆ ಬೇಕೋ ಹಾಗೆ ಹರವಿದಾಗ ಅವ್ವ ಎಲ್ಲಕ್ಕಿಂತ ದೊಡ್ಡದನ್ನು ಉಳಿಸಿ, ಅದಕ್ಕೆ ತಾಗಿದವನ್ನೆಲ್ಲ ಎತ್ತಿಸುತ್ತಿದ್ದಳು. ಆಮೇಲೆ ಉಳಿದದ್ದರಲ್ಲಿ ದೊಡ್ಡದು. ಹೀಗೆ ಉಳಿದ ಪ್ರತಿ ಸೀರೆಯನ್ನೂ ಮೂರು ಪಟ್ಟು ಹಿಗ್ಗಿಸಿದರೆ ಎತ್ತಿದ ಸೀರೆಗಳ ಜಾಗವೂ ಅದರೊಳಗೆ ಬಂದುಬಿಡುತ್ತದೆ. ಪುಸ್ತಕದಲ್ಲಿ ಹೊದಿಕೆಯ ಉಪಪ್ರಮೇಯ ಓದಿದಾಗ ಇದು ನಮ್ಮವ್ವನ ಕೆಲಸವಲ್ಲವೇ ಎಂದು ನಕ್ಕಿದ್ದೆ. ಆ ಸಲಿಗೆಯಲ್ಲೇ ಅದನ್ನು ನನ್ನ ಪಟ್ಟಿಗಳಿಗೂ ಹೊದಿಸಿದ್ದೆ.

ಒಣಗುತ್ತಿದ್ದ ಹಲಗೆಯ ಮುಂದೆ ನಿಂತು ಆ ಬಂಡೆಯನ್ನು ನೋಡಿದೆ. ಅದು ಹೆಂಗಸರು ಬಟ್ಟೆ ಹರವುವ ಬಂಡೆ. ಅಲ್ಲಿ ಇದ್ದದ್ದೆಲ್ಲ ದೊಡ್ಡ ಸೀರೆ, ಚಿಕ್ಕ ಸೀರೆ, ಕುಪ್ಪಸದ ಖಣ. ಮಡಿಕೆ ಹಾಕಿದರೆ ಎಲ್ಲವೂ ಹೆಚ್ಚೂಕಡಿಮೆ ಒಂದೇ ಆಕಾರ. ಗಂಡಸರು ತಲೆಗೆ ಸುತ್ತುವ ರುಮಾಲುಗಳನ್ನು ನಾವು ಆ ಬಂಡೆಯ ಮೇಲೆ ಹರವುತ್ತಲೇ ಇರಲಿಲ್ಲ. ಅವು ಉದ್ದಕ್ಕೆ ಹಗ್ಗದ ಮೇಲೆ ಹೋಗುತ್ತಿದ್ದವು. ಗೇಣಗಲ, ಊರುದ್ದದ ರುಮಾಲೊಂದು ಸೀರೆಯ ಮೂಲೆಗೆ ತಾಗಿ ಬಿದ್ದಿದ್ದರೆ? ಸೀರೆಯನ್ನು ಮೂರಲ್ಲ, ಮೂವತ್ತು ಪಟ್ಟು ಹಿಗ್ಗಿಸಿದರೂ ರುಮಾಲಿನ ತುದಿ ಹೊರಗೇ ಉಳಿಯುತ್ತದೆ. ನನ್ನ ಪಟ್ಟಿಗಳಲ್ಲಿ ರುಮಾಲುಗಳೂ ಇದ್ದವು. ಇಷ್ಟು ವರ್ಷ ನಾನು ಸೀರೆಗಳನ್ನಷ್ಟೇ ನೋಡಿದ್ದೆ.

ಧಾರವಾಡ ಕಣ್ಣ ಮುಂದೆ ಬಂತು. ಸುಮ್ಮನೆ ಮುಂದಿನ ಸಾಲು ಬರೆಯಬಹುದಿತ್ತು. ಆದರೆ ಮುಂದಿನ ಸಾಲೆಂಬುದೇ ಇರಲಿಲ್ಲ. ಮನೆಯೆಲ್ಲ ನಿಂತದ್ದು ಆ ಕಂಬದ ಮೇಲೆ. ಹಲಗೆಯ ಮೇಲೆ ಒಂದು ಚೌಕ, ಅದರ ಮೂಲೆಗೆ ತಾಗಿದ ಒಂದು ಉದ್ದನೆಯ ಗೆರೆಯಂಥ ಪಟ್ಟಿ ಬರೆದು, "ಈ ಮೆಟ್ಟಿಲು ತಪ್ಪು. ನನ್ನ ಸಾಧನೆ ಇಲ್ಲಿಗೆ ಮುರಿಯಿತು," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಯಾರೂ ನಗಲಿಲ್ಲ, ಗುಸುಗುಸು ಮಾಡಲಿಲ್ಲ. ಸ್ತೋಯನ್ ಎದ್ದು ಬಂದು ಚಿತ್ರವನ್ನು ಬಹಳ ಹೊತ್ತು ನೋಡಿದರು. ಮುಂದಿನ ಮಾತುಗಾರ ತನ್ನ ವೇಳೆಯನ್ನು ನನಗೆ ಬಿಟ್ಟುಕೊಟ್ಟ. ತಪ್ಪು ಒಪ್ಪಿಕೊಂಡವರಿಗೆ ಹೆಚ್ಚು ವೇಳೆ ಕೊಡುವುದು ಅಲ್ಲಿಯ ರೂಢಿಯಂತೆ. "ಸತ್ತದ್ದು ಯಾವುದೆಂದು ನೀವು ಹೇಳಿದಿರಿ. ಬದುಕಿರುವುದು ಯಾವುದೆಂದು ಈಗ ಎಲ್ಲರೂ ಸೇರಿ ನೋಡೋಣ," ಎಂದರು ಸ್ತೋಯನ್. ಇಂಥ ಮಾತನ್ನು ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ. ಅಳು ಬಂತು, ಸೆರಗಿನಿಂದ ಒರೆಸಿಕೊಂಡೆ. ಸೆರಗಿಗೆ ಹತ್ತಿದ್ದ ಸೀಮೆಸುಣ್ಣ ಮುಖಕ್ಕೂ ಹತ್ತಿತು.

ಮಧ್ಯಾಹ್ನವೆಲ್ಲ ರಾದ್ಕಾ ನನ್ನ ಜೊತೆ ಕುಳಿತಳು. ಪಟ್ಟಿಯ ಸರಾಸರಿಯನ್ನು ಒಂದೇ ಏಟಿಗೆ ತೆಗೆಯದೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ತೆಗೆದರೆ ಹೊದಿಕೆಯ ಗೊಡವೆಯೇ ಬೇಡ ಎಂದು ಇಬ್ಬರಿಗೂ ಹೊಳೆಯಿತು. ಮೊದಲು ಹಾಸು, ಆಮೇಲೆ ಹೊಕ್ಕು ಎಂದು ನಾನು ಅವಳಿಗೆ ನೇಯ್ಗೆಯ ಮಾತಿನಲ್ಲಿ ಹೇಳಿದೆ. ಆದರೆ ಈ ದಾರಿ ಅನಂತ ದಿಕ್ಕುಗಳವರೆಗೆ ಹೋಗಲಿಲ್ಲ. ದಿಕ್ಕುಗಳು ಎಣಿಕೆಗೆ ಸಿಗುವಷ್ಟಿದ್ದರೆ ಬಡಾಯಿ ಹಿಡಿತದಲ್ಲಿರುತ್ತದೆ, ದಿಕ್ಕು ಹೆಚ್ಚಿದಂತೆ ಹಿಡಿತ ಎಷ್ಟು ಸಡಿಲುತ್ತದೆ ಎಂದು ಒಂದು ಅಂದಾಜು ಸಿಕ್ಕಿತು. ಅಷ್ಟೇ. ಆನೆ ಹಿಡಿಯಲು ಹೋದವಳ ಕೈಗೆ ಕುರಿ ಸಿಕ್ಕಂತೆ. ಅದನ್ನೇ ಚೊಕ್ಕವಾಗಿ ಬರೆದು ಸ್ತೋಯನ್ನರಿಗೆ ಕೊಟ್ಟೆ. ಅವರು ಅದನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡರು.

ಬಂಡೆಯ ಮಠ

ಮರುದಿನ ಎಲ್ಲರನ್ನೂ ಕಾಡಿನ ನಡುವೆ ಬಂಡೆಯಲ್ಲಿ ಕೊರೆದ ಹಳೆಯ ಮಠಕ್ಕೆ ಕರೆದೊಯ್ದರು. ಉಳಿದವರು ಬೆರಗಿನಿಂದ ಕತ್ತೆತ್ತಿ ನೋಡುತ್ತಿದ್ದರು. ಬಾದಾಮಿಯ ಗುಹೆಗಳಲ್ಲಿ ಶಾಲೆಯ ಮಕ್ಕಳ ಜೊತೆ ಬುತ್ತಿ ಬಿಚ್ಚಿದವಳಿಗೆ ಮೊದಲು ಇದೇನು ಮಹಾ ಅನ್ನಿಸಿದ್ದು ಸುಳ್ಳಲ್ಲ. ನಮ್ಮ ಬಂಡೆ ಕೆಂಪು, ಒಳಗೆ ಕಂಬಗಳ ಸಾಲು, ಛಾವಣಿ ತುಂಬ ಕೆತ್ತನೆ. ಇಲ್ಲಿ ಬಿಳಿಚಿದ ಸುಣ್ಣದ ಕಲ್ಲು, ಒಬ್ಬ ಮನುಷ್ಯ ಕೂಡುವಷ್ಟೇ ಗೂಡು. ಆ ಗೂಡಿನಲ್ಲಿ ಸ್ವಲ್ಪ ಹೊತ್ತು ಕುಳಿತ ಮೇಲೆ ಮನಸ್ಸು ಬದಲಾಯಿತು. ತಮಗೆ ಬೇಕಾದದ್ದಕ್ಕಿಂತ ಒಂದು ಗೇಣೂ ಹೆಚ್ಚು ಕೊರೆದಿರಲಿಲ್ಲ ಆ ಜನ. ಅದಕ್ಕೂ ದೊಡ್ಡ ಮನಸ್ಸೇ ಬೇಕು.

ಸ್ತೋಯನ್ ಪಕ್ಕದ ಗೂಡಿನ ಹೊಸ್ತಿಲಲ್ಲಿ ಬಂದು ಕುಳಿತರು. "ಒಂದು ಕೇಳಬೇಕಿತ್ತು. ಮಾತಿನ ನಡುವೆ ನಿಮಗೆ ಆ ತಪ್ಪು ಕಂಡದ್ದು ಹೇಗೆ?"

"ನೀವೇ ತೋರಿಸಿದಿರಿ. ಮೂರು ಸಲ ಇಲ್ಲ ಎಂದಿರಿ."

"ನಾನೇ?"

ನಾನು ಮೇಲೆ ಕೆಳಗೆ ಗೋಣು ಹಾಕಿ ತೋರಿಸಿದೆ. ಅವರ ಬಿಳಿ ಹುಬ್ಬು ಮೇಲೇರಿತು, ಆಮೇಲೆ ಮುಖ ಕೆಂಪಾಯಿತು.

"ಅಮ್ಮಾ, ನಾನು ಹೌದು ಎಂದಿದ್ದೆ. ನಮ್ಮ ತಲೆ ನೋಡಿ ಹೊರಗಿನಿಂದ ಬಂದವರು ಹೆದರುತ್ತಾರೆ ಎಂದು, ಈ ಸಭೆಗಾಗಿಯೇ ನಿಮ್ಮೆಲ್ಲರ ರೀತಿಯ ಹೌದನ್ನು ಕನ್ನಡಿಯ ಮುಂದೆ ಕಲಿತಿದ್ದೆ. ನನ್ನ ಹೆಂಡತಿಗೆ ಕೇಳಿ, ಮನೆಯಲ್ಲಿ ಎಷ್ಟು ನಗೆಪಾಟಲಾಯಿತು ಎಂದು."

ಬಾಗಲಕೋಟೆಯ ಒಂದು ಮನೆಯಲ್ಲಿ ಒಬ್ಬಳು, ಸೋಫಿಯಾದ ಒಂದು ಮನೆಯಲ್ಲಿ ಒಬ್ಬರು, ಮತ್ತೊಬ್ಬರಿಗೆ ತೊಂದರೆಯಾಗದಿರಲಿ ಎಂದು ತಮ್ಮ ಕತ್ತು ತಿದ್ದಿಕೊಂಡಿದ್ದೆವು. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು. ಅವರು ಮಾತ್ರ ಬೇಗ ನಗು ನಿಲ್ಲಿಸಿದರು.

"ಅಂದರೆ ಆ ತಪ್ಪು ನನಗೂ ಕಂಡಿರಲಿಲ್ಲ. ನಿಲ್ಲದ ಪ್ರಮೇಯಕ್ಕೆ ನಾನು ಮೂರು ಸಲ ಹೌದು ಎಂದಿದ್ದೆ," ಎಂದು ಕಿಸೆಯಿಂದ ನನ್ನ ಹಾಳೆಗಳನ್ನು ತೆಗೆದರು. ಅಂಚಿನ ತುಂಬ ಅವರ ಪೆನ್ಸಿಲಿನ ಲೆಕ್ಕಗಳಿದ್ದವು. "ಇದನ್ನು ಕೊನೆಯ ಸಾಲಿನವರೆಗೆ ನಾನೇ ಮಾಡಿ ನೋಡಿದ್ದೇನೆ. ಚಿಕ್ಕದು, ಆದರೆ ನಿಂತಿದೆ. ಅಚ್ಚಿಗೆ ಹಾಕುತ್ತೇವೆ. ಈ ಸಲ ಬಾಯಿಂದಲೇ ಹೇಳುತ್ತೇನೆ, ಹೌದು."

ಧಾರವಾಡ

ಊರಿಗೆ ಬಂದು ಎರಡು ದಿನಕ್ಕೇ ಧಾರವಾಡದ ಬಸ್ಸು ಹತ್ತಿದೆ. ಕುಳಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಅಚ್ಚಿಗೆ ಒಪ್ಪಿದ್ದರು, ನಿಜ. ಆದರೆ ಗುರುಗಳಿಗೆ ನಾನು ಮಾತು ಕೊಟ್ಟದ್ದು ಆನೆ ತರುತ್ತೇನೆಂದು, ತರುತ್ತಿದ್ದುದು ಕುರಿಯನ್ನು. ಅನಂತ ದಿಕ್ಕುಗಳ ಮಾತನ್ನು ಮುಂದೆ ಬೇರೆ ದೇಶದವರು ಬೇರೆ ದಾರಿಯಲ್ಲಿ ಸಾಧಿಸಿದ್ದಾರೆಂದು ಓದಿ ತಿಳಿದೆ. ಆ ದಿನ ಅದೆಲ್ಲ ಗೊತ್ತಿರಲಿಲ್ಲ, ಸೋತೆ ಎಂಬುದಷ್ಟೇ ಗೊತ್ತಿತ್ತು.

ಗುರುಗಳು ಹೊಸ ಹಾಳೆಗಳನ್ನು ಓದಿ ಮುಗಿಸುವವರೆಗೆ ಕಾದೆ. ಆಮೇಲೆ ಹಲಗೆಯ ಮುಂದೆ ಆದದ್ದು, ಬಂಡೆಯ ಮಠದಲ್ಲಿ ಆದದ್ದು, ಒಂದೂ ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಮುದುಕ ಖರೇನ ಹೂಂ ಅಂದಿದ್ನೇನು?"

"ಹೂಂರಿ ಸರ."

"ನೀ ಸುಮ್ಮನಿದ್ದಿದ್ರ ಹಳೇದ ಅಚ್ಚಾಗ್ತಿತ್ತು."

"ಆಗ್ತಿತ್ರಿ."

"ನನಗೂ ಅದು ಕಂಡಿರಲಿಲ್ಲವ್ವಾ. ಎರಡ ಸಲ ಓದೇನಿ ನಾ ಅದನ್ನ."

ಅವರು ನೋಂದಣಿ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಿ ನನ್ನ ಕಡೆ ಸರಿಸಿದರು. ಎದ್ದು ನಿಂತೆ.

"ಕೂಡು, ಹೋಗಬ್ಯಾಡ," ಎಂದರು. ಕಪಾಟಿನ ಬಾಗಿಲು ತೆಗೆದು, ದಾರ ಕಟ್ಟಿದ ತಮ್ಮ ಕೈಬರಹದ ಕಟ್ಟೊಂದನ್ನು ತಂದು, ದಾರ ಬಿಚ್ಚಿ, ನನ್ನ ಮುಂದಿಟ್ಟರು. "ಇದು ನಂದು. ಇನ್ನೂ ಯಾರಿಗೂ ತೋರ್ಸಿಲ್ಲ. ಎಲ್ಲಿ ತಪ್ಪೇನಿ, ನೀ ನೋಡಿ ಹೇಳು."